ಮಾತ್ರೆಗೂ ಕಾಫಿಗೂ ನಡುವಿನ ಒಂದು ಗಂಟೆ: ಥೈರಾಯ್ಡ್ ಕ್ಯಾನ್ಸರ್ ಆದವರು ಮೈ ಪಳಗಿಸಿಕೊಳ್ಳುವ ಬಗೆ

ನಾನು ಮಂಡ್ಯದಲ್ಲಿ ಹೊಲಿಗೆ ಕೆಲಸ ಮಾಡುವವಳು. ಮನೆಯ ಮುಂದಿನ ಕೋಣೆಯಲ್ಲಿ ಎರಡು ಮಿಷನ್ ಹಾಕಿಕೊಂಡು ಇಪ್ಪತ್ತೆರಡು ವರ್ಷಗಳಿಂದ ಬ್ಲೌಸ್, ಚೂಡಿದಾರ್ ಹೊಲಿಯುತ್ತಿದ್ದೇನೆ. 2022ರ ಆಗಸ್ಟ್‌ನಲ್ಲಿ ಮೈಸೂರಿನ ಆಸ್ಪತ್ರೆಯೊಂದರಲ್ಲಿ ನನ್ನ ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆದರು. ಆಗಿದ್ದದ್ದು ಪ್ಯಾಪಿಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್. ಕುತ್ತಿಗೆಯ ಬಲಗಡೆಯ ಕೆಲವು ಲಿಂಫ್ ಗ್ರಂಥಿಗಳನ್ನೂ ತೆಗೆಯಬೇಕಾಯಿತು. ನೋಡಲು ಬಂದವರೆಲ್ಲರೂ ಏನು ತಿನ್ನಬೇಕು, ಏನು ಬಿಡಬೇಕು ಎಂದು ಹೇಳಿದರು. ಎಷ್ಟು ಹೊತ್ತು ನಡೆಯಬಹುದು, ಬಿಂದಿಗೆ ಯಾವಾಗ ಎತ್ತಬಹುದು, ಕತ್ತು ಬಗ್ಗಿಸಿ ಮತ್ತೆ ಯಾವಾಗ ಹೊಲಿಯಬಹುದು ಎಂದು ಹೇಳಿದವರು ಬಹಳ ಕಡಿಮೆ. ಕೇಳಿ, ಮಾಡಿ, ಒಮ್ಮೊಮ್ಮೆ ತಪ್ಪಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ವೈದ್ಯಳಲ್ಲ. ಇದರಲ್ಲಿರುವ ಪ್ರತಿಯೊಂದನ್ನೂ ನಿಮ್ಮ ವೈದ್ಯರ ಮುಂದಿಟ್ಟು, ಅವರು ಹೂಂ ಎಂದ ಮೇಲೆಯೇ ಶುರು ಮಾಡಿ.

ಮೊದಲು ಕೇಳಿಕೊಳ್ಳಬೇಕಾದದ್ದು

ಆಸ್ಪತ್ರೆಯಿಂದ ಮನೆಗೆ ಹೊರಡುವ ಮುನ್ನ ಒಂದು ಚೀಟಿಯಲ್ಲಿ ನಾಲ್ಕು ಪ್ರಶ್ನೆ ಬರೆದುಕೊಂಡು ಹೋಗಿ. ಭಾರ ಎತ್ತಲು ಎಷ್ಟು ವಾರ ಬಿಡಬೇಕು? ಕತ್ತು ತಿರುಗಿಸುವ ವ್ಯಾಯಾಮ ಯಾವ ದಿನದಿಂದ? ನನ್ನ ಟಿಎಸ್‌ಎಚ್ ಎಷ್ಟಿರಬೇಕೆಂದು ನೀವು ಬಯಸುತ್ತೀರಿ? ಕ್ಯಾಲ್ಸಿಯಂ ಹೇಗಿದೆ?

ಮೂರನೆಯ ಪ್ರಶ್ನೆ ನನಗೆ ಆಗ ಹೊಳೆದೇ ಇರಲಿಲ್ಲ, ಆದರೆ ನಡಿಗೆಗೂ ಅದಕ್ಕೂ ಬಹಳ ಸಂಬಂಧವಿದೆ. ಗ್ರಂಥಿ ಹೋದ ಮೇಲೆ, ಅದು ತಯಾರಿಸುತ್ತಿದ್ದ ಥೈರಾಕ್ಸಿನ್ ಎಂಬ ಹಾರ್ಮೋನನ್ನು ಬದುಕಿರುವವರೆಗೂ ಮಾತ್ರೆಯಾಗಿ ನುಂಗಬೇಕು. ಥೈರಾಯ್ಡ್‌ಗೆ ಕೆಲಸ ಮಾಡೆಂದು ಮಿದುಳಿನ ಬುಡದ ಗ್ರಂಥಿ ಕಳುಹಿಸುವ ಟಿಎಸ್‌ಎಚ್ ಎಂಬ ಹಾರ್ಮೋನು ಉಳಿದಿರಬಹುದಾದ ಕ್ಯಾನ್ಸರ್ ಕಣಗಳನ್ನು ಬೆಳೆಯಲು ಪ್ರಚೋದಿಸಬಹುದು. ಆದ್ದರಿಂದ ಕೆಲವರಿಗೆ ಬೇಕೆಂದೇ ಥೈರಾಕ್ಸಿನ್ ಸ್ವಲ್ಪ ಹೆಚ್ಚು ಕೊಟ್ಟು ಟಿಎಸ್‌ಎಚ್ ಅನ್ನು ತಗ್ಗಿಸಿಡುತ್ತಾರೆ. ನನಗೂ ಮೊದಲ ಎರಡು ವರ್ಷ ಹಾಗೆಯೇ ಇತ್ತು. ಆಗ ಎದೆ ಬೇಗ ಬಡಿದುಕೊಳ್ಳುತ್ತದೆ, ಸೆಕೆ ತಡೆಯಲಾಗುವುದಿಲ್ಲ, ಬೆರಳು ಸಣ್ಣಗೆ ನಡುಗುತ್ತವೆ. ವರ್ಷಗಟ್ಟಲೆ ಹಾಗೇ ಇದ್ದರೆ ಮೂಳೆಯೂ ಸವೆಯಬಹುದು, ಅದರಲ್ಲೂ ಮುಟ್ಟು ನಿಂತ ಹೆಂಗಸರಿಗೆ. ಸೂಜಿಗೆ ದಾರ ಪೋಣಿಸುವಾಗ ಕೈ ನಡುಗಿದ್ದಕ್ಕೆ ಭಯವೇ ಕಾರಣವೆಂದು ನಾನು ತಿಂಗಳುಗಟ್ಟಲೆ ನನ್ನ ಮನಸ್ಸನ್ನೇ ದೂರಿಕೊಂಡೆ. ಕಾರಣ ಮಾತ್ರೆಯ ಪ್ರಮಾಣವೆಂದು ಮೊದಲೇ ತಿಳಿದಿದ್ದರೆ ಅಷ್ಟು ನೋಯುತ್ತಿರಲಿಲ್ಲ. ನಿಮ್ಮ ಗುರಿ ಎಷ್ಟೆಂದು ತಿಳಿದುಕೊಂಡಿರಿ.

ಮೊದಲ ಮೂರು ವಾರ

ಆಪರೇಷನ್ ಆದ ಮರುದಿನವೇ ನರ್ಸ್ ನನ್ನನ್ನು ಎಬ್ಬಿಸಿ ವಾರ್ಡಿನ ಉದ್ದಕ್ಕೂ ನಡೆಸಿದರು. ಮನೆಗೆ ಬಂದರೆ ಬೇರೆಯೇ ಕಥೆ. ನಮ್ಮ ಅತ್ತೆಯವರು ನನ್ನನ್ನು ಬಾಣಂತಿಯಂತೆ ಮಂಚದಲ್ಲೇ ಕೂರಿಸಿದರು. ನೀರಿನ ಲೋಟಕ್ಕೂ ಏಳಬಾರದು. ಅವರ ಪ್ರೀತಿ ದೊಡ್ಡದು, ಆದರೆ ಐದು ದಿನದಲ್ಲಿ ನನ್ನ ಕತ್ತು ಮರದ ಕೊರಡಿನಂತಾಯಿತು. ಹೊಲಿಗೆ ಬಿಚ್ಚಿಹೋದೀತೆಂಬ ಹೆದರಿಕೆಯಲ್ಲಿ ಭುಜ ಎತ್ತಿಕೊಂಡು, ಗದ್ದ ಒಳಗೆಳೆದುಕೊಂಡು ಕೂತಿದ್ದೆ. ಹಾಗೆ ಬಿಗಿಹಿಡಿದದ್ದೇ ತಲೆನೋವಿಗೂ ದಾರಿಯಾಯಿತು.

ನಿಮ್ಮ ಮನೆಯಲ್ಲೂ ಹೀಗಾದರೆ ಹಿರಿಯರೊಂದಿಗೆ ವಾದ ಬೇಡ. ಮುಂದಿನ ಸಲ ವೈದ್ಯರನ್ನು ಕಾಣುವಾಗ ಅವರನ್ನೂ ಕರೆದುಕೊಂಡು ಹೋಗಿ. ಸರ್ಜನ್ ಬಾಯಿಂದಲೇ 'ನಡೆಯಲಿ ಅಮ್ಮ, ಏನೂ ಆಗುವುದಿಲ್ಲ' ಎಂದು ಕೇಳಿದ ಮೇಲೆ ನಮ್ಮ ಅತ್ತೆಯವರೇ ಬೆಳಿಗ್ಗೆ ಸಂಜೆ ನನ್ನ ಕೈ ಹಿಡಿದು ಅಂಗಳದಲ್ಲಿ ಓಡಾಡಿಸಿದರು. ಹತ್ತು ನಿಮಿಷ ಬೆಳಿಗ್ಗೆ, ಹತ್ತು ನಿಮಿಷ ಸಂಜೆ. ಮೊದಲ ವಾರಕ್ಕೆ ಅದು ಸಾಕು.

ಭಾರದ ವಿಷಯದಲ್ಲಿ ಮಾತ್ರ ಅವರ ಮಾತೇ ಸರಿ. ತುಂಬಿದ ಬಿಂದಿಗೆ ಹದಿನೈದು ಕಿಲೋ ತೂಗುತ್ತದೆ. ಅಕ್ಕಿ ಮೂಟೆ, ನೆನೆದ ಬೆಡ್‌ಶೀಟಿನ ಬಕೆಟ್, ಎತ್ತಿಕೊಳ್ಳೆಂದು ಕೈ ಚಾಚುವ ಮಗು, ಯಾವುದೂ ಬೇಡ. ನನಗೆ ಮೂರು ವಾರ ಹೇಳಿದ್ದರು. ನಿಮಗೆ ನಿಮ್ಮ ಸರ್ಜನ್ ಹೇಳಿದ್ದೇ ಲೆಕ್ಕ.

ಒಂದು ಎಚ್ಚರಿಕೆ ಇಲ್ಲೇ ಹೇಳುತ್ತೇನೆ. ಥೈರಾಯ್ಡ್ ಹಿಂದೆ ನಾಲ್ಕು ಸಣ್ಣ ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ. ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿರಬೇಕೆಂದು ನೋಡಿಕೊಳ್ಳುವುದು ಅವೇ. ಆಪರೇಷನ್‌ನಲ್ಲಿ ಅವುಗಳಿಗೆ ಪೆಟ್ಟಾದರೆ ಕ್ಯಾಲ್ಸಿಯಂ ಕುಸಿಯುತ್ತದೆ. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಎನ್ನುತ್ತದೆ. ನನಗೆ ಹಾಗಾದಾಗ ಮಲಗಿ ಮಲಗಿ ಕೈ ಜೋಮು ಹಿಡಿದಿದೆಯೆಂದು ಉಜ್ಜಿಕೊಂಡು ನಡೆಯಲು ಹೊರಟೆ. ಅಂಗಳ ದಾಟುವಷ್ಟರಲ್ಲಿ ಬೆರಳುಗಳು ಸೆಟೆದುಕೊಂಡವು. ಆಸ್ಪತ್ರೆಗೆ ಓಡಬೇಕಾಯಿತು. ಜುಮುಜುಮು ಶುರುವಾದರೆ ವ್ಯಾಯಾಮ ನಿಲ್ಲಿಸಿ, ಕೂಡಲೇ ವೈದ್ಯರಿಗೆ ಫೋನ್ ಮಾಡಿ. ಕೈಕಾಲು ಸೆಟೆದರೆ ಕಾಯದೆ ಹೊರಡಿ. ಕುತ್ತಿಗೆ ಊದಿಕೊಂಡು ಉಸಿರು ಕಟ್ಟಿದಂತಾದರೂ ಹಾಗೆಯೇ.

ಕತ್ತು ಮತ್ತು ಭುಜ: ಟೇಪು, ಚಾಕ್‌ಪೀಸ್, ಗೋಡೆ

ಇದು ನನ್ನ ಹೊಟ್ಟೆಪಾಡಿನ ಪ್ರಶ್ನೆಯಾಗಿತ್ತು. ಹಾಗಾಗಿ ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಸರ್ಜನ್ ಒಪ್ಪಿದ ದಿನದಿಂದ ಐದು ಚಲನೆಗಳನ್ನು ಮಾಡಿದೆ. ಬೆನ್ನು ನೆಟ್ಟಗೆ ಮಾಡಿ ಕುರ್ಚಿಯಲ್ಲಿ ಕೂರಬೇಕು. ಗದ್ದವನ್ನು ನಿಧಾನವಾಗಿ ಎದೆಯ ಕಡೆ ಇಳಿಸಿ ಮತ್ತೆ ನೇರಕ್ಕೆ ತರಬೇಕು. ಮುಖವನ್ನು ಎಡಭುಜದ ಕಡೆ, ಆಮೇಲೆ ಬಲಭುಜದ ಕಡೆ ತಿರುಗಿಸಬೇಕು. ಕಿವಿಯನ್ನು ಭುಜದ ಕಡೆ ವಾಲಿಸಬೇಕು, ಭುಜವನ್ನು ಕಿವಿಯ ಕಡೆ ಎತ್ತಬಾರದು. ಎರಡೂ ಭುಜಗಳನ್ನು ಮೇಲೆತ್ತಿ ಕೆಳಗಿಳಿಸಬೇಕು. ಕೊನೆಗೆ ಭುಜಗಳನ್ನು ಮುಂದಿನಿಂದ ಹಿಂದಕ್ಕೆ ದುಂಡಗೆ ತಿರುಗಿಸಬೇಕು. ಒಂದೊಂದೂ ಐದು ಸಲ, ದಿನಕ್ಕೆ ಮೂರು ಹೊತ್ತು. ಎಳೆತ ಗೊತ್ತಾಗಬೇಕು, ನೋವು ಬರಬಾರದು. ತಲೆಯನ್ನು ಹಿಂದಕ್ಕೆ ಚೆಲ್ಲಿ ಮೇಲೆ ನೋಡುವುದನ್ನು ಮಾತ್ರ ಗಾಯ ಚೆನ್ನಾಗಿ ಕೂಡಿದ ಮೇಲೆ, ಅವರು ಹೇಳಿದ ನಂತರವೇ ಮಾಡಿದೆ.

ದಿನದಿಂದ ದಿನಕ್ಕೆ ಏನೂ ಬದಲಾಗಿಲ್ಲವೆಂದು ಅನ್ನಿಸುತ್ತಿತ್ತು. ಆಗ ಅಂಗಡಿಯ ಟೇಪು ಎತ್ತಿಕೊಂಡೆ. ಮುಖ ಬಲಕ್ಕೆ ತಿರುಗಿಸಿ, ಗದ್ದದ ತುದಿಯಿಂದ ಭುಜದ ಮೂಳೆಯವರೆಗೆ ಮಗಳಿಂದ ಅಳತೆ ಹಿಡಿಸಿದೆ. ಎಂಟು ಇಂಚು. ಎಡಗಡೆ ಐದೂವರೆ. ಅಳತೆ ಪುಸ್ತಕದಲ್ಲಿ ಗಿರಾಕಿಗಳ ಹೆಸರುಗಳ ನಡುವೆ ನನ್ನ ಹೆಸರೂ ಬರೆದು, ಪ್ರತಿ ಭಾನುವಾರ ಅಳೆದೆವು. ಬಲಗಡೆ ಆರು ಇಂಚಿಗೆ ಬರಲು ಒಂಬತ್ತು ವಾರ ಹಿಡಿಯಿತು. ವಾರಕ್ಕೆ ಕಾಲು ಇಂಚು ಕಣ್ಣಿಗೆ ಕಾಣುವುದಿಲ್ಲ, ಟೇಪಿಗೆ ಕಾಣುತ್ತದೆ. ನಿಮ್ಮ ಮನೆಯಲ್ಲಿ ಟೇಪಿಲ್ಲದಿದ್ದರೆ ಬೆರಳಿನಿಂದ ಎಣಿಸಿ.

ಲಿಂಫ್ ಗ್ರಂಥಿ ತೆಗೆಸಿಕೊಂಡವರಿಗೆ ಇನ್ನೊಂದು ಕಷ್ಟವಿದೆ. ಭುಜ ಎತ್ತುವ ಸ್ನಾಯುವಿಗೆ ಹೋಗುವ ನರ ಆ ಕಡೆಯಲ್ಲೇ ಹಾದುಹೋಗುತ್ತದೆ. ಆಪರೇಷನ್‌ನಲ್ಲಿ ಅದು ಎಳೆದಂತಾದರೆ ಕೈ ಭುಜದ ಮಟ್ಟದಿಂದ ಮೇಲೆ ಹೋಗುವುದಿಲ್ಲ. ನನಗೆ ಹ್ಯಾಂಗರ್‌ನಿಂದ ಸೀರೆ ಇಳಿಸಲು, ಜಡೆ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಇದನ್ನು ತಡಮಾಡದೆ ಹೇಳಿ, ಫಿಸಿಯೋಥೆರಪಿಸ್ಟ್ ಬಳಿ ಕಳುಹಿಸಿ ಎಂದು ಕೇಳಿ. ನಾನು ಎರಡು ತಿಂಗಳು ಸುಮ್ಮನಿದ್ದದ್ದು ತಪ್ಪು. ಅವರು ಕಲಿಸಿದ್ದು ಸರಳ: ಗೋಡೆಗೆ ಎದುರಾಗಿ ನಿಂತು ಎರಡು ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ಹತ್ತಿಸುತ್ತಾ ಹೋಗುವುದು. ತಲುಪಿದ ಜಾಗದಲ್ಲಿ ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸ್‌ನಿಂದ ಗೆರೆ ಎಳೆಯುತ್ತಿದ್ದೆ. ನೀಲಿ ಗೆರೆಗಳು ಮೆಟ್ಟಿಲಿನಂತೆ ಏರಿದವು. ಕೆಲವು ವಾರ ಗೆರೆಯ ಮೇಲೆ ಗೆರೆ ಬಿತ್ತು. ಬೀಳಲಿ, ಎಳೆಯುತ್ತಾ ಹೋಗಿ.

ಕೆಲಸಕ್ಕೆ ಮರಳುವಾಗ ಇಪ್ಪತ್ತು ನಿಮಿಷಕ್ಕೊಮ್ಮೆ ಮೊಬೈಲಿನಲ್ಲಿ ಅಲಾರಂ ಇಟ್ಟೆ. ಮೊಳಗಿದಾಗ ಎದ್ದು, ಭುಜ ತಿರುಗಿಸಿ, ಬಾಗಿಲವರೆಗೆ ಹೋಗಿ ಬರುವುದು. ಹೆಮ್ಮಿಂಗ್, ಹುಕ್ಸ್ ಹಾಕುವಂಥ ಕೈ ಹೊಲಿಗೆಯನ್ನು ಮಡಿಲಿನ ಮೇಲೆ ಮಾಡುವ ಬದಲು ಎತ್ತರದ ದಿಂಬಿನ ಮೇಲಿಟ್ಟುಕೊಂಡೆ. ಕತ್ತು ಅರ್ಧ ಬಗ್ಗಿದರೆ ಸಾಕಾಯಿತು. ಕಂಪ್ಯೂಟರ್ ಮುಂದೆ ಕೂರುವವರಿಗೂ, ಬೀಡಿ ಕಟ್ಟುವವರಿಗೂ ಇದೇ ಉಪಾಯ ನಡೆಯುತ್ತದೆ.

ಗಾಯದ ಗುರುತಿಗೆ ಬಿಸಿಲು ತಾಗಿದರೆ ಕಪ್ಪಾಗುತ್ತದೆ. ನಡೆಯುವಾಗ ಹತ್ತಿಯ ಬಟ್ಟೆಯೊಂದನ್ನು ಸಡಿಲವಾಗಿ ಸುತ್ತಿಕೊಳ್ಳಿ.

ಅಯೋಡಿನ್ ಚಿಕಿತ್ಸೆಯ ದಿನಗಳು

ಉಳಿದಿರಬಹುದಾದ ಥೈರಾಯ್ಡ್ ಕಣಗಳನ್ನು ನಾಶಮಾಡಲು ಕೊಡುವ ವಿಕಿರಣ ಅಯೋಡಿನ್ ಎಲ್ಲರಿಗೂ ಬೇಕಾಗುವುದಿಲ್ಲ. ನನಗೆ ಬೇಕೆಂದರು. ಅದಕ್ಕೆ ಮೊದಲು ನಾಲ್ಕು ವಾರ ಥೈರಾಕ್ಸಿನ್ ನಿಲ್ಲಿಸಿದರು. (ಕೆಲವರಿಗೆ ಮಾತ್ರೆ ನಿಲ್ಲಿಸದೆ ಇಂಜೆಕ್ಷನ್ ಕೊಟ್ಟು ಮಾಡುತ್ತಾರೆ.) ಮಾತ್ರೆ ನಿಂತ ಮೂರನೆಯ ವಾರ ಮೈಗೆ ಮರಳಿನ ಮೂಟೆ ಕಟ್ಟಿದಂತಿತ್ತು. ಬೇಸಿಗೆಯಲ್ಲೂ ಚಳಿ, ಮಲಬದ್ಧತೆ, ಮಾತು ನಿಧಾನ, ಸುಮ್ಮಸುಮ್ಮನೆ ಅಳು. ಅಯೋಡಿನ್ ಕಡಿಮೆ ಇರುವ ಊಟ ಬೇರೆ: ಅಯೋಡಿನ್ ಸೇರಿಸಿದ ಉಪ್ಪಿಲ್ಲ, ಹಾಲು ಮೊಸರಿಲ್ಲ, ಮೊಟ್ಟೆ ಮೀನಿಲ್ಲ. ಅಯೋಡಿನ್ ಇಲ್ಲದ ಉಪ್ಪು ಹುಡುಕಿ ತಂದು ಮುದ್ದೆ, ಸೊಪ್ಪಿನ ಸಾರು ಮಾಡಿಕೊಂಡು ಎರಡು ವಾರ ಕಳೆದೆ. ಮೊಸರಿಲ್ಲದ ಊಟ ಊಟವೇ ಅಲ್ಲವೆಂದು ನಂಬಿದವಳಿಗೆ ಅದು ಸುಲಭವಾಗಿರಲಿಲ್ಲ.

ಆ ದಿನಗಳಲ್ಲಿ ವ್ಯಾಯಾಮವನ್ನು ಹೆಚ್ಚಿಸುವ ಯೋಚನೆ ಬಿಟ್ಟುಬಿಡಿ. ಇರುವುದನ್ನು ಉಳಿಸಿಕೊಂಡರೆ ಸಾಕು. ನಾನು ದಿನಕ್ಕೆ ಮೂರು ಸಲ ಐದೈದು ನಿಮಿಷ ಮನೆಯೊಳಗೇ ನಡೆದೆ. ಸ್ಕೂಟರ್ ಓಡಿಸಲಿಲ್ಲ, ಗಮನ ಅಷ್ಟು ಮಂದವಾಗಿತ್ತು.

ಬೆಂಗಳೂರಿನ ಆಸ್ಪತ್ರೆಯ ಒಂಟಿ ಕೋಣೆಯಲ್ಲಿ ಬಾಗಿಲಿನಿಂದ ಕಿಟಕಿಗೆ ಒಂಬತ್ತು ಹೆಜ್ಜೆ. ಊಟ ಆದಾಗಲೆಲ್ಲ ಇಪ್ಪತ್ತು ಸಲ ಹೋಗಿ ಬಂದೆ, ಹೇಳಿದಷ್ಟು ನೀರು ಕುಡಿದೆ. ಅಯೋಡಿನ್-131ರ ವಿಕಿರಣ ಎಂಟು ದಿನಕ್ಕೊಮ್ಮೆ ಅರ್ಧವಾಗುತ್ತದೆ, ಮೂತ್ರದಲ್ಲಿ ಹೊರಹೋಗುವುದು ಸೇರಿದರೆ ಮೈಯಿಂದ ಇನ್ನೂ ಬೇಗ ಕಡಿಮೆಯಾಗುತ್ತದೆ. ಮನೆಗೆ ಬಂದ ಮೇಲೂ ಹೇಳಿದಷ್ಟು ದಿನ ಮಕ್ಕಳಿಂದ, ಬಸುರಿಯರಿಂದ ದೂರವಿರಬೇಕು. ಆದ್ದರಿಂದ ಪಾರ್ಕಿಗೆ ಹೋಗಲಿಲ್ಲ, ತಾರಸಿಯ ಮೇಲೆ ಒಬ್ಬಳೇ ನಡೆದೆ. ಬೆವರಿನಲ್ಲೂ ಸ್ವಲ್ಪ ಹೊರಬರುವುದರಿಂದ ಆ ದಿನಗಳ ಬಟ್ಟೆ, ಟವೆಲ್ ಬೇರೆಯಾಗಿ ಒಗೆದುಕೊಂಡೆ.

ಆ ಒಂದು ಗಂಟೆ

ಈಗ ಮುಖ್ಯ ಮಾತಿಗೆ ಬರುತ್ತೇನೆ. ಥೈರಾಕ್ಸಿನ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ನುಂಗಬೇಕು. ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಏನೂ ತಿನ್ನಬಾರದು, ಕಾಫಿಯನ್ನೂ ಕುಡಿಯಬಾರದು. ಕಾಫಿ ಕುಡಿದರೆ ಕರುಳು ಮಾತ್ರೆಯನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಎದ್ದ ಕೂಡಲೇ ಫಿಲ್ಟರ್ ಕಾಫಿ ಕುಡಿದು ಬೆಳೆದ ನಮ್ಮಂಥವರಿಗೆ ಆ ಒಂದು ಗಂಟೆ ಬೆಟ್ಟದಷ್ಟು. ಅಡುಗೆಮನೆಯಲ್ಲಿ ಡಿಕಾಕ್ಷನ್ ಇಳಿಯುವ ವಾಸನೆ, ಇಲ್ಲಿ ಗಡಿಯಾರ ನೋಡುತ್ತಾ ಕೂತ ನಾನು. ಒಂದು ದಿನ ಆ ವಾಸನೆಯಿಂದ ತಪ್ಪಿಸಿಕೊಳ್ಳಲೆಂದೇ ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಮೂರು ವರ್ಷಗಳಿಂದ ನನ್ನ ನಡಿಗೆ ತಪ್ಪದಿರಲು ಅದೇ ಕಾರಣ. ಕಾಯಲೇಬೇಕಾದ ಹೊತ್ತನ್ನೇ ನಡೆಯುವ ಹೊತ್ತಾಗಿ ಮಾಡಿಕೊಳ್ಳಿ, ಬೇರೆ ಸಮಯ ಹುಡುಕಬೇಕಾಗಿಲ್ಲ.

ಐದೂವರೆಗೆ ಮಾತ್ರೆ. ಐದೂ ಮುಕ್ಕಾಲಿಗೆ ಬಾಗಿಲು ದಾಟುತ್ತೇನೆ. ಆರೂವರೆಯ ನಂತರ ಕಾಫಿ. ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆ ಇದ್ದರೆ ಥೈರಾಕ್ಸಿನ್ ಆದ ನಾಲ್ಕು ಗಂಟೆಯ ಮೇಲೆ. ರಾಗಿ ಅಂಬಲಿಯೂ ಆ ಗಂಟೆ ಕಳೆದ ನಂತರವೇ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮೂಳೆಗೆ ಅದು ಬೇಕು, ಮಾತ್ರೆಯ ಜೊತೆಗೆ ಬೇಡ. ಸಕ್ಕರೆ ಕಾಯಿಲೆಯ ಔಷಧಿ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ನಡೆಯುವ ಮುನ್ನ ವೈದ್ಯರನ್ನು ಕೇಳಲೇಬೇಕು.

ಶುರುವಿನಲ್ಲಿ ನಮ್ಮ ಬೀದಿಯ ಕೊನೆಯ ಬೇವಿನ ಮರದವರೆಗೆ ಮಾತ್ರ. ವಾರಕ್ಕೆ ಐದು ನಿಮಿಷ ಸೇರಿಸುತ್ತಾ ಹೋದೆ. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಬಿರುಸಿನ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಅರ್ಧ ಗಂಟೆಯಂತೆ ಐದು ದಿನ. ಅಲ್ಲಿಗೆ ಮುಟ್ಟಲು ನನಗೆ ಐದು ತಿಂಗಳಾಯಿತು. ಬಿರುಸು ಎಷ್ಟಿರಬೇಕೆಂದರೆ ಜೊತೆಯವರೊಂದಿಗೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಆಪರೇಷನ್ ಆದ ಮೇಲೆ ನನ್ನ ದನಿ ಆರು ತಿಂಗಳು ಒಡೆದಿತ್ತು, ಆಗ ಮಾತಿನ ಬದಲು ನಾಡಿ ಎಣಿಸುತ್ತಿದ್ದೆ.

ನಾಡಿ ಎಣಿಸುವುದನ್ನು ಎಲ್ಲರೂ ಕಲಿಯಿರಿ. ಮಾತ್ರೆ ನುಂಗುವ ಮೊದಲು ಹಾಸಿಗೆಯಲ್ಲೇ ಕೂತು, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಸುಮ್ಮನೆ ಕೂತಾಗಲೇ ನೂರು ದಾಟುತ್ತಿದ್ದರೆ, ಅಥವಾ ಬಡಿತ ತಾಳ ತಪ್ಪಿದಂತಿದ್ದರೆ ಅಂದು ನಡಿಗೆ ಬೇಡ, ವೈದ್ಯರಿಗೆ ಹೇಳಿ. ಥೈರಾಕ್ಸಿನ್ ಹೆಚ್ಚಾದಾಗ ಹೃದಯದ ಲಯ ತಪ್ಪುವುದುಂಟು. ನಡೆಯುವಾಗ ಎದೆನೋವು, ತಲೆಸುತ್ತು, ಸಹಿಸಲಾರದ ಉಬ್ಬಸ ಬಂದರೆ ಅಲ್ಲೇ ಕೂತು ನೆರವು ಕರೆಯಿರಿ.

ಅಳತೆ ಪುಸ್ತಕದಲ್ಲಿ ದಿನಕ್ಕೊಂದು ಸಾಲು ಬರೆಯುತ್ತೇನೆ: ನಾಡಿ, ನಿಮಿಷ, ನಿದ್ದೆ, ಸುಸ್ತು ಹತ್ತಕ್ಕೆ ಎಷ್ಟು. ಈ ಸಾಲುಗಳಿಂದಲೇ ಒಂದು ವಿಷಯ ತಿಳಿಯಿತು. ಮಾತ್ರೆಯ ಪ್ರಮಾಣ ಬದಲಾದರೆ ಮೈ ಅದಕ್ಕೆ ಹೊಂದಿಕೊಳ್ಳಲು ಸುಮಾರು ಆರು ವಾರ ಬೇಕು. ಅದೇ ವಾರ ನಡಿಗೆಯನ್ನೂ ಹೆಚ್ಚಿಸಿದರೆ ಸುಸ್ತು ಯಾವುದರಿಂದ ಬಂತೆಂದು ಗೊತ್ತಾಗುವುದಿಲ್ಲ. ಬ್ಲೌಸ್ ಬಿಗಿಯಾದರೆ ನಾವು ಎದೆ, ಸೊಂಟ, ತೋಳು ಮೂರನ್ನೂ ಒಟ್ಟಿಗೆ ಬಿಚ್ಚುವುದಿಲ್ಲ. ಹಾಗೆಯೇ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನಡೆದ ಮರುದಿನವೂ ಸುಸ್ತು ಇಳಿಯದಿದ್ದರೆ ಹಿಂದಿನ ವಾರದ ನಿಮಿಷಕ್ಕೆ ಹಿಂದಿರುಗಿ. ತೀರಾ ಕೆಟ್ಟ ದಿನ ಅರ್ಧ ನಡೆಯಿರಿ, ಬೇವಿನ ಮರ ಮುಟ್ಟಿ ಬಂದರೂ ಸಾಲು ಖಾಲಿ ಬಿಡಬೇಡಿ.

ಎಲ್ಲಿ ನಡೆಯಬೇಕೆಂಬುದೂ ಮುಖ್ಯ. ಪಾಂಡವಪುರದ ಕಡೆ ನನ್ನ ತವರು. ಅಲ್ಲಿ ವಿಶ್ವೇಶ್ವರಯ್ಯ ನಾಲೆಯ ಏರಿ ತಂಪಾಗಿರುತ್ತದೆ, ಆದರೆ ತಡೆಗೋಡೆಯಿಲ್ಲದ ಕಡೆ ಕತ್ತಲಲ್ಲಿ ಹೋಗಬೇಡಿ. ಕಬ್ಬಿನ ಲಾರಿ, ಟ್ರ್ಯಾಕ್ಟರ್ ಓಡಾಡುವ ಕಾಲದಲ್ಲಿ ಮಂಡ್ಯದ ದೊಡ್ಡ ರಸ್ತೆಗಳ ಅಂಚೂ ಬೇಡ. ಮಾರ್ಚ್‌ನಿಂದ ಮೇ ತನಕ ಏಳು ಗಂಟೆಯೊಳಗೆ ಮುಗಿಸಿ. ಮೈಸೂರಿನಲ್ಲಿರುವವರಿಗೆ ಕುಕ್ಕರಹಳ್ಳಿ ಕೆರೆಯಿದೆ. ತಪಾಸಣೆಗೆ ಹೋದಾಗಲೆಲ್ಲ ಹಿಂದಿನ ರಾತ್ರಿ ಅಕ್ಕನ ಮನೆಯಲ್ಲಿ ಉಳಿದು, ಬೆಳಿಗ್ಗೆ ಅವಳ ಜೊತೆ ಕೆರೆ ಸುತ್ತುತ್ತೇನೆ. ಮಣ್ಣಿನ ದಾರಿ, ನೆರಳು, ನೀರಿನ ಮೇಲೆ ಹೆಜ್ಜಾರ್ಲೆಗಳು. 'ಇದು ಒಳ್ಳೆಯ ಕ್ಯಾನ್ಸರ್, ನೀನು ಅದೃಷ್ಟವಂತೆ' ಎಂದು ಎಷ್ಟೋ ಜನ ಹೇಳಿದ್ದರು. ವಾಸಿಯಾಗುವ ಸಾಧ್ಯತೆ ಹೆಚ್ಚೆಂಬುದು ನಿಜ, ಆದರೆ ಆ ಮಾತು ಕೇಳಿದ ಮೇಲೆ ಹೆದರುವುದಕ್ಕೂ ಹಕ್ಕಿಲ್ಲವೆನ್ನಿಸಿ ಬಾಯಿ ಕಟ್ಟುತ್ತಿತ್ತು. ಸ್ಕ್ಯಾನ್ ರಿಪೋರ್ಟ್ ಬರುವ ದಿನದ ಭಯವನ್ನು ನಾನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಆ ಕೆರೆಯ ಏರಿಯ ಮೇಲೆ ಅಕ್ಕನ ಪಕ್ಕದಲ್ಲಿ ನಡೆಯುತ್ತಾ. ಮುಖ ನೋಡದೆ ಜೊತೆಗೆ ನಡೆಯುವಾಗ ಹೇಳುವುದು ಸುಲಭ. ಅಂಥ ಒಬ್ಬರನ್ನು ಹುಡುಕಿಕೊಳ್ಳಿ.

ಮೂಳೆಗೆ, ತೋಳಿಗೆ

ನಡಿಗೆಯೊಂದೇ ಸಾಲದು. ವಾರಕ್ಕೆ ಎರಡು ದಿನ ಸ್ನಾಯುಗಳಿಗೂ ಕೆಲಸ ಬೇಕು, ಟಿಎಸ್‌ಎಚ್ ತಗ್ಗಿಸಿಟ್ಟವರ ಮೂಳೆಗಂತೂ ಇನ್ನೂ ಬೇಕು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳಿ, ಕೂರಿ. ಗೋಡೆಗೆ ಅಂಗೈ ಒತ್ತಿ ಹತ್ತು ಸಲ ದೂಡಿ. ಒಂದು ಲೀಟರ್ ನೀರಿನ ಬಾಟಲಿ ಎಂದರೆ ಒಂದು ಕಿಲೋ, ಅದನ್ನು ಹಿಡಿದು ಮೊಣಕೈ ಮಡಿಸಿ ಬಿಡಿಸಿ. ಅಡುಗೆಕಟ್ಟೆ ಹಿಡಿದು ಒಂದೊಂದೇ ಕಾಲಿನಲ್ಲಿ ನಿಲ್ಲಿ. ಮೂಳೆ ಈಗಾಗಲೇ ಸವೆದಿದೆಯೆಂದು ಸ್ಕ್ಯಾನ್‌ನಲ್ಲಿ ಬಂದಿದ್ದರೆ ಮುಂದಕ್ಕೆ ಬಗ್ಗಿ ಎತ್ತುವುದು, ಸೊಂಟ ತಿರುಚುವುದು ಬೇಡ.

ಯೋಗದ ಬಗ್ಗೆ ಒಂದು ಮಾತು. ಮೈಸೂರು ಯೋಗದ ಊರು, 1930ರ ದಶಕದಲ್ಲಿ ಅರಮನೆಯ ಆಶ್ರಯದಲ್ಲೇ ಯೋಗಶಾಲೆ ನಡೆದ ಊರು. ಅದರ ಮೇಲೆ ನನಗೆ ಗೌರವವಿದೆ, ವಾರಕ್ಕೆರಡು ದಿನ ತಾಡಾಸನ, ಶವಾಸನ, ನಿಧಾನ ಉಸಿರಾಟ ಮಾಡುತ್ತೇನೆ. ಆದರೆ ತರಗತಿಯೊಂದರಲ್ಲಿ 'ಥೈರಾಯ್ಡ್‌ಗೆ ಸರ್ವಾಂಗಾಸನ ಬಹಳ ಒಳ್ಳೆಯದು' ಎಂದು ನನ್ನನ್ನು ಮೊದಲ ದಿನವೇ ಮಾಡಲು ಹೇಳಿದರು. ತೆಗೆದುಹಾಕಿದ ಗ್ರಂಥಿಯನ್ನು ಯಾವ ಆಸನವೂ ಚುರುಕು ಮಾಡಲಾರದು. ಸರ್ವಾಂಗಾಸನ, ಹಲಾಸನ, ಶೀರ್ಷಾಸನ ಮೂರರಲ್ಲೂ ಭಾರ ಬೀಳುವುದು ಹೊಲಿಗೆ ಬಿದ್ದ ಕುತ್ತಿಗೆಯ ಮೇಲೆಯೇ. ನಿಮ್ಮ ಆಪರೇಷನ್ ವಿಷಯವನ್ನು ಗುರುಗಳಿಗೆ ಮೊದಲೇ ಹೇಳಿ, ಸರ್ಜನ್ ಒಪ್ಪುವವರೆಗೆ ಇವನ್ನು ಬಿಡಿ. ಆಸನ ಮಾಡುತ್ತೇನೆಂದು ಮಾತ್ರೆ ಬಿಡುವುದಂತೂ ಎಂದಿಗೂ ಬೇಡ.

ಎರಡನೆಯ ವರ್ಷದ ಡಿಸೆಂಬರಿನಲ್ಲಿ, ವೈದ್ಯರನ್ನು ಕೇಳಿಕೊಂಡು, ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳಿವೆ, ಸುಮಾರು ಏಳುನೂರನೆಯದರ ಹತ್ತಿರ ನಂದಿ. ನಂದಿಯವರೆಗೆ ಮಾತ್ರ ಎಂದು ಮೊದಲೇ ತೀರ್ಮಾನಿಸಿದ್ದೆ. ಐವತ್ತು ಮೆಟ್ಟಿಲಿಗೊಮ್ಮೆ ಕೂತು ನಾಡಿ ಎಣಿಸಿ, ಇಳಿಯುವವರೆಗೆ ಕಾದು ಮತ್ತೆ ಎದ್ದೆ. ನಂದಿಯ ಮುಂದೆ ಕೈ ಮುಗಿಯಲು ಎರಡೂ ಕೈ ಎತ್ತಿದಾಗ ಬಲಗೈ ತಲೆಯ ಮೇಲಕ್ಕೆ ಹೋಯಿತು.

ರಕ್ತ ಕೊಡುವ ದಿನ

ಟಿಎಸ್‌ಎಚ್ ಪರೀಕ್ಷೆಯ ದಿನ ನನ್ನ ವೈದ್ಯರು ಹೇಳಿದಂತೆ ರಕ್ತ ಕೊಟ್ಟ ಮೇಲೆಯೇ ಮಾತ್ರೆ ನುಂಗುತ್ತೇನೆ. ಹಾಗಾಗಿ ಗಂಟೆ ಹಿಂದೆ ಮುಂದೆ ಆಗುತ್ತದೆ. ಮಾತ್ರೆಯನ್ನೂ ನೀರಿನ ಬಾಟಲಿಯನ್ನೂ ಪರ್ಸಿನಲ್ಲಿಟ್ಟುಕೊಂಡು ಲ್ಯಾಬ್‌ಗೆ ನಡೆದೇ ಹೋಗುತ್ತೇನೆ, ಅಲ್ಲಿಯೇ ಮಾತ್ರೆ ನುಂಗಿ ನಡೆದೇ ಮರಳುತ್ತೇನೆ. ದಾರಿಯಲ್ಲಿ ಎರಡು ಹೋಟೆಲುಗಳಿವೆ. ಮನೆ ತಲುಪುವ ಹೊತ್ತಿಗೆ ಗಂಟೆ ಕಳೆದಿರುತ್ತದೆ, ಅತ್ತೆಯವರು ಕಾಫಿ ಬೆರೆಸಿ ಇಟ್ಟಿರುತ್ತಾರೆ.